ಮಸಿಯ ರೇಖೆಯಲ್ಲಿ ಸ್ತ್ರೀಭಾವ

ಚಿತ್ರವೆಂದೊಡನೆ ಬಣ್ಣ ನೆನಪಾಗುವುದು ಸಹಜ. ಶಾಲೆಯ ಗೋಡೆಯ ಪಟಗಳು, ಮನೆಯ ಪಡಸಾಲೆಯ ಕ್ಯಾಲೆಂಡರುಗಳು, ಜಾತ್ರೆಯ ಅಂಗಡಿಗಳಲ್ಲಿ ಮಾರುವ ದೇವರ ಚಿತ್ರಗಳು ಇವೆಲ್ಲ ಬಣ್ಣದಿಂದಲೇ ಕಣ್ಣನ್ನು ಸೆಳೆಯತಕ್ಕವು. ಅವುಗಳಲ್ಲಿ ಸ್ತ್ರೀರೂಪವೇನಾದರೂ ಬಂದರೆ ಸೀರೆಯ ಅಂಚು, ಮೂಗುತಿಯ ಹೊಳಪು, ಕೊರಳ ಸರ, ಮುಡಿಯ ಹೂವು ಇವುಗಳಿಗೇ ಚಿತ್ರಕಾರನ ಶ್ರಮವೆಲ್ಲ ಮುಡಿಪಾಗುತ್ತದೆ. ಇಷ್ಟೆಲ್ಲ ಅಲಂಕಾರವನ್ನು ತೆಗೆದು ಬದಿಗಿಟ್ಟರೆ ಉಳಿಯುವುದೇನು? ಒಂದು ಮುಖ, ಆ ಮುಖದ ಹಿಂದೆ ಒಂದು ಮನಸ್ಸು. ಆ ಮನಸ್ಸನ್ನು ಹಿಡಿಯುವುದಕ್ಕೆ ಬಣ್ಣವು ಅನಿವಾರ್ಯವಲ್ಲ, ಕಪ್ಪು ಮಸಿಯ ಕೆಲವೇ ಗೆರೆಗಳು ಸಾಕು ಎಂಬುದು ಬಲ್ಲ ಕಲಾವಿದರು ಸಾಧಿಸಿ ತೋರಿಸಿರುವ ಸತ್ಯ. ಮಸಿಯ ಚಿತ್ರವು ಹೆಣ್ಣಿನ ಒಡವೆಯನ್ನು ಬಿಡಿಸಿ ಅವಳ ಅಂತರಂಗವನ್ನು ನೋಡಲು ಕಲಿಸುತ್ತದೆ. ಆದಕಾರಣ ಅದು ಕೈಯ ಅಭ್ಯಾಸ ಮಾತ್ರವಲ್ಲ, ಹೃದಯದ ಸಂಸ್ಕಾರವೂ ಹೌದು. ಶಾಲೆಯ ಪಾಠಕ್ರಮದಲ್ಲಿ ಇದಕ್ಕೆ ಸಲ್ಲತಕ್ಕ ಸ್ಥಾನವನ್ನು ಪ್ರಕೃತ ಲೇಖನದಲ್ಲಿ ವಿಚಾರಿಸಲಾಗಿದೆ.

ಮಸಿಯೆಂಬ ಸಾಧನ

ಕನ್ನಡ ನಾಡಿಗೆ ಮಸಿ ಹೊಸತಲ್ಲ. ದೀಪದ ಕುಡಿಯಿಂದ ಹಿಡಿದ ಕಾಡಿಗೆಯನ್ನು ಗೋಂದಿನೊಡನೆ ಅರೆದು ಮಸಿ ಮಾಡುವ ಕ್ರಮವನ್ನು ಹಿಂದಿನ ಲಿಪಿಕಾರರು ಬಲ್ಲವರಾಗಿದ್ದರು. ತಾಳೆಯೋಲೆಯ ಮೇಲೆ ಕಬ್ಬಿಣದ ಕಂಟದಿಂದ ಅಕ್ಷರಗಳನ್ನು ಕೊರೆದು, ಅನಂತರ ಕಾಡಿಗೆಯನ್ನು ಬಳಿದು ಒರೆಸಿದರೆ ಗೀರಿನೊಳಗೆ ನಿಂತ ಕಪ್ಪು ಅಕ್ಷರವಾಗಿ ಕಾಣುತ್ತಿತ್ತು. ಮೂಡಬಿದಿರೆಯಲ್ಲಿ ಕಾಪಾಡಿಕೊಂಡು ಬಂದಿರುವ 12ನೆಯ ಶತಮಾನದ ಧವಳ ಗ್ರಂಥಗಳ ತಾಳೆಯೋಲೆಗಳಲ್ಲಿ ಬರಹದ ಪಕ್ಕದಲ್ಲಿಯೇ ಯಕ್ಷಿಯರ ಚಿತ್ರಗಳಿವೆ. ಅಂಗೈಯಗಲವೂ ಇಲ್ಲದ ಓಲೆಯ ಮೇಲೆ ಆ ದೇವಿಯರ ನಿಲುವು, ನೋಟಗಳು ರೇಖೆಯ ಬಲದಿಂದಲೇ ಜೀವ ತಳೆದಿವೆ. ಬರೆಯುವ ಕೈಗೂ ಚಿತ್ರಿಸುವ ಕೈಗೂ ಹಿಂದಿನವರು ದೂರದ ನಂಟನ್ನು ಎಣಿಸಿರಲಿಲ್ಲ.

ಮಸಿಗೆ ಒಂದು ಕಠೋರವಾದ ಗುಣವಿದೆ. ಸೀಸದಕಡ್ಡಿಯ ಗೆರೆಯನ್ನು ರಬ್ಬರಿನಿಂದ ಅಳಿಸಬಹುದು. ತೈಲವರ್ಣದ ತಪ್ಪನ್ನು ಮೇಲೊಂದು ಲೇಪದಿಂದ ಮುಚ್ಚಬಹುದು. ಮಸಿಯ ಗೆರೆ ಬಿದ್ದಮೇಲೆ ಬಿದ್ದಂತೆಯೇ. ಆದ್ದರಿಂದ ಕೈ ಚಲಿಸುವುದಕ್ಕೆ ಮೊದಲು ಮನಸ್ಸು ನಿಶ್ಚಯಕ್ಕೆ ಬಂದಿರಬೇಕು. ಕೈ ಅಳುಕಿದರೆ ಆ ಅಳುಕೂ ಹಾಳೆಯ ಮೇಲೆ ದಾಖಲಾಗುತ್ತದೆ. ಇನ್ನೊಂದು ಗುಣ, ಖಾಲಿ ಜಾಗವನ್ನೂ ಚಿತ್ರದ ಅಂಗವಾಗಿಸುವ ಶಕ್ತಿ. ಕೆನ್ನೆಯನ್ನು ತೋರಿಸಲು ಕೆನ್ನೆಯ ಮೇಲೆ ಏನನ್ನೂ ಬರೆಯಬೇಕಾಗಿಲ್ಲ. ಹುಬ್ಬಿನ ಕೊನೆಯಿಂದ ಗಲ್ಲದವರೆಗೆ ಒಂದು ಗೆರೆಯನ್ನು ಸರಿಯಾಗಿ ಇಳಿಸಿದರೆ ನಡುವಿನ ಬಿಳುಪೇ ಕೆನ್ನೆಯಾಗುತ್ತದೆ. ಹೇಳದೆ ಉಳಿಸಿದ್ದನ್ನು ನೋಡುಗನ ಮನಸ್ಸು ತುಂಬಿಕೊಳ್ಳುತ್ತದೆ. ಕಾವ್ಯದಲ್ಲಿ ಧ್ವನಿ ಎಂದು ಆಲಂಕಾರಿಕರು ಹೇಳುವುದು ಇಲ್ಲಿ ಕಣ್ಣಿಗೇ ಗೋಚರವಾಗುತ್ತದೆ.

ಮುದ್ರಣದ ಇತಿಹಾಸವೂ ಈ ಕಲೆಗೆ ನೆರವಾಯಿತು. ಅಚ್ಚುಮೊಳೆಯ ಕಾಲದಲ್ಲಿ ಯಂತ್ರವು ಕಪ್ಪನ್ನು ಒತ್ತುತ್ತಿತ್ತು, ಇಲ್ಲವೇ ಬಿಳಿಯನ್ನು ಬಿಡುತ್ತಿತ್ತು. ನಡುವಿನ ಬೂದುಬಣ್ಣ ಬೇಕಾದರೆ ಸಣ್ಣ ಸಣ್ಣ ಚುಕ್ಕಿಗಳ ಹಾಫ್‌ಟೋನ್ ಬ್ಲಾಕ್ ಮಾಡಿಸಬೇಕಾಗುತ್ತಿತ್ತು. ಮಸಿಯ ರೇಖಾಚಿತ್ರಕ್ಕಾದರೋ ಸರಳವಾದ ಲೈನ್ ಬ್ಲಾಕ್ ಸಾಕಾಗಿತ್ತು. ಹೀಗಾಗಿ 1965ರಲ್ಲಿ ಆರಂಭವಾದ ‘ಸುಧಾ’, 1968ರಲ್ಲಿ ಆರಂಭವಾದ ‘ಮಯೂರ’ ಮೊದಲಾದ ಪತ್ರಿಕೆಗಳ ಕಥೆ ಕಾದಂಬರಿಗಳ ಜೊತೆಗೆ ಮಸಿಯ ಚಿತ್ರಗಳು ಮನೆಮನೆಯನ್ನು ಹೊಕ್ಕವು. ತವರಿನಿಂದ ಹೊರಟ ಮಗಳು, ಪತ್ರಕ್ಕಾಗಿ ಕಾದು ಕುಳಿತ ತಾಯಿ, ಬಾಗಿಲ ಚೌಕಟ್ಟನ್ನು ಹಿಡಿದು ನಿಂತ ಸೊಸೆ, ಇಂತಹ ಚಿತ್ರಗಳನ್ನು ಓದುಗರು ಕಥೆಗಿಂತ ಮೊದಲೇ ನೋಡಿ ಕಥೆಯ ಭಾವವನ್ನು ಊಹಿಸಿಕೊಳ್ಳುತ್ತಿದ್ದರು.

ಶಾಸ್ತ್ರಕಾರರ ದೃಷ್ಟಿ

ಭಾವವನ್ನು ಚಿತ್ರದ ಅಂಗವೆಂದು ಭಾರತೀಯ ಶಾಸ್ತ್ರಕಾರರು ಬಹು ಹಿಂದೆಯೇ ಎಣಿಸಿದ್ದಾರೆ. ಕಾಮಸೂತ್ರದ ಜಯಮಂಗಲಾ ವ್ಯಾಖ್ಯಾನದಲ್ಲಿ ಯಶೋಧರನು ಹೇಳುವ ಚಿತ್ರದ ಷಡಂಗಗಳು ರೂಪಭೇದ, ಪ್ರಮಾಣ, ಭಾವ, ಲಾವಣ್ಯಯೋಜನೆ, ಸಾದೃಶ್ಯ, ವರ್ಣಿಕಾಭಂಗ ಎಂಬಿವು. ಇವುಗಳಲ್ಲಿ ಬಣ್ಣಕ್ಕೆ ಸಂಬಂಧಿಸಿದ್ದು ಕೊನೆಯದು ಮಾತ್ರ. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರವು ನೋಡುಗರಲ್ಲಿ ತಾರತಮ್ಯ ಮಾಡುತ್ತದೆ. ಆಚಾರ್ಯರು ಮೆಚ್ಚುವುದು ರೇಖೆಯನ್ನು, ವಿಚಕ್ಷಣರು ಮೆಚ್ಚುವುದು ನೆರಳುಬೆಳಕಿನ ವರ್ತನೆಯನ್ನು, ಸ್ತ್ರೀಯರು ಬಯಸುವುದು ಭೂಷಣವನ್ನು, ಮಿಕ್ಕವರು ಬಯಸುವುದು ಬಣ್ಣದ ಸಮೃದ್ಧಿಯನ್ನು ಎಂಬುದು ಅದರ ಅಭಿಪ್ರಾಯ. ರೇಖೆಗೆ ಅಗ್ರಸ್ಥಾನವನ್ನು ಕೊಟ್ಟ ಈ ಮಾತು ಗ್ರಾಹ್ಯ. ಹೆಣ್ಣು ಬಯಸುವುದು ಒಡವೆಯನ್ನೇ ಎಂಬ ಮಾತನ್ನು ಮಾತ್ರ ಈ ನಾಡಿನ ಶರಣೆಯರು ತಮ್ಮ ಬಾಳಿನಿಂದಲೇ ಅಲ್ಲಗಳೆದಿದ್ದಾರೆ. ಆ ವಿಚಾರ ಮುಂದೆ ಬರುತ್ತದೆ.

ಅದೇ ಚಿತ್ರಸೂತ್ರವು ಕಣ್ಣಿನ ಆಕಾರವನ್ನು ಐದು ಬಗೆಯಾಗಿ ವಿಂಗಡಿಸಿ, ಯವೆಯ ಕಾಳಿನ ಅಳತೆಯಲ್ಲಿ ಅವುಗಳ ಪ್ರಮಾಣವನ್ನೂ ಹೇಳುತ್ತದೆ. ಬಿಲ್ಲಿನಂತೆ ಬಾಗಿದ ಕಣ್ಣು 3 ಯವೆ. ಅದು ಧ್ಯಾನದಲ್ಲಿ ನೆಲೆನಿಂತ ನೋಟಕ್ಕೆ. ಮೀನಿನ ಹೊಟ್ಟೆಯಂತಹ ಕಣ್ಣು 4 ಯವೆ. ಅದು ಸ್ತ್ರೀಯರಿಗೆ, ಪ್ರಣಯಿಗಳಿಗೆ. ಕನ್ನೈದಿಲೆಯ ಎಸಳಿನಂತಹ ಕಣ್ಣು 6 ಯವೆ. ಅದು ವಿಕಾರವಿಲ್ಲದ ಶಾಂತ ಮನಸ್ಸಿಗೆ. ತಾವರೆಯ ಎಸಳಿನಂತಹ ಕಣ್ಣು 9 ಯವೆ. ಅದು ಹೆದರಿದವರಿಗೆ, ಅಳುವವರಿಗೆ. ಐದನೆಯದು 10 ಯವೆ. ಅದು ಸಿಟ್ಟುಗೊಂಡವರಿಗೆ, ನೋವಿನಲ್ಲಿ ಬೇಯುವವರಿಗೆ. ಭಾವವು ತೀವ್ರವಾದಂತೆ ಕಣ್ಣು ಅಗಲವಾಗುತ್ತ ಹೋಗುವುದನ್ನು ಇಲ್ಲಿ ಗಮನಿಸಬೇಕು. ಸ್ತ್ರೀಚಿತ್ರವೆಂದರೆ ಮೀನಿನ ಕಣ್ಣೆಂದು ಒಂದೇ ಅಚ್ಚಿನಲ್ಲಿ ಬರೆಯುವ ಚಿತ್ರಕಾರನು ಐದು ಬಾಗಿಲುಗಳಲ್ಲಿ ನಾಲ್ಕನ್ನು ತಾನೇ ಮುಚ್ಚಿದಂತಾಯಿತು. ಹೆಣ್ಣೂ ಧ್ಯಾನಿಸುತ್ತಾಳೆ, ಶಾಂತಳಾಗುತ್ತಾಳೆ, ಹೆದರುತ್ತಾಳೆ, ಕೆರಳುತ್ತಾಳೆ.

ಕನ್ನಡ ನೆಲದಲ್ಲಿಯೇ ಹುಟ್ಟಿದ ಶಾಸ್ತ್ರವೊಂದು ಈ ವಿಷಯದಲ್ಲಿ ಇನ್ನೂ ಸ್ಪಷ್ಟವಾಗಿದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 1130ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸ ಅಥವಾ ಅಭಿಲಷಿತಾರ್ಥಚಿಂತಾಮಣಿಯು ಚಿತ್ರಗಳ ಬಗೆಗಳನ್ನು ಹೇಳುವಾಗ ಕನ್ನಡಿಯ ಪ್ರತಿಬಿಂಬದಂತೆ ವ್ಯಕ್ತಿಯನ್ನು ಹೋಲುವ ಚಿತ್ರಕ್ಕೆ ‘ವಿದ್ಧ’ ಎಂದೂ, ನೋಡಿದೊಡನೆ ಶೃಂಗಾರಾದಿ ರಸಗಳು ಹೊಳೆಯುವ ಚಿತ್ರಕ್ಕೆ ‘ಭಾವಚಿತ್ರ’ ಎಂದೂ ಹೆಸರಿಡುತ್ತದೆ. ಇಂದು ಫೋಟೋವನ್ನು ಭಾವಚಿತ್ರವೆಂದು ಕರೆಯುವ ರೂಢಿ ಬಂದಿದೆ. ಶಾಸ್ತ್ರದ ದೃಷ್ಟಿಯಲ್ಲಿ ಹೆಚ್ಚಿನ ಫೋಟೋಗಳು ವಿದ್ಧಚಿತ್ರಗಳೇ ಸರಿ. ಕಾಡಿಗೆಯನ್ನು ಅನ್ನದ ಅಗುಳಿನೊಡನೆ ಮಿದಿದು ಗೆರೆ ಎಳೆಯುವ ವರ್ತಿಕೆಯನ್ನು ಮಾಡಿಕೊಳ್ಳುವ ಕ್ರಮವನ್ನೂ ಆ ಗ್ರಂಥ ಹೇಳುತ್ತದೆ. ದೀಪದ ಕಪ್ಪು, ಅಡುಗೆಮನೆಯ ಅನ್ನ, ಇವೆರಡರಿಂದ ಸಿದ್ಧವಾದ ಸಾಧನದಿಂದ ಚಕ್ರವರ್ತಿಯ ಆಸ್ಥಾನದ ಚಿತ್ರವೂ ಮೊದಲಾಗುತ್ತಿತ್ತು. ಮುಂದೆ ಕೆಳದಿಯ ಬಸವಪ್ಪನಾಯಕನು 1709ರಲ್ಲಿ ಪೂರ್ಣಗೊಳಿಸಿದ ಶಿವತತ್ತ್ವರತ್ನಾಕರವೂ ಕಲೆಗಳ ನಿರೂಪಣೆಗೆ ಎಡೆಕೊಟ್ಟಿತು. ವೀರಶೈವ ಪರಂಪರೆಗೆ ಚಿತ್ರಕಲೆಯು ಪರಕೀಯವಲ್ಲವೆಂಬುದಕ್ಕೆ ಈ ಗ್ರಂಥವೇ ಸಾಕ್ಷಿ.

ಭರತನು ಹೇಳಿದ ಎಂಟು ಸಾತ್ತ್ವಿಕ ಭಾವಗಳನ್ನು ಮಸಿಯ ಒರೆಗಲ್ಲಿಗೆ ಹಚ್ಚಿ ನೋಡಿದರೆ ಈ ಸಾಧನದ ಮಿತಿಯೂ ಶಕ್ತಿಯೂ ತಿಳಿಯುತ್ತವೆ. ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ ಇವುಗಳಲ್ಲಿ ಮುಖದ ಬಣ್ಣಗೆಡುವ ವೈವರ್ಣ್ಯವನ್ನು ಮಸಿ ತೋರಿಸಲಾರದು. ದನಿ ನಡುಗುವ ಸ್ವರಭೇದವಂತೂ ಯಾವ ಚಿತ್ರಕ್ಕೂ ಎಟುಕದು. ಆದರೆ ಸ್ತಂಭವನ್ನು, ಎಂದರೆ ದಿಗ್ಭ್ರಮೆಯಿಂದ ದೇಹ ಮರಗಟ್ಟಿ ನಿಲ್ಲುವುದನ್ನು, ಒಂದು ನೇರ ಗೆರೆ ಹೇಳಬಲ್ಲುದು. ವೇಪಥುವನ್ನು, ಎಂದರೆ ಕಂಪನವನ್ನು, ತುಂಡುತುಂಡಾದ ಗೆರೆ ಹೇಳಬಲ್ಲುದು. ಅಶ್ರುವನ್ನು ತೋರಿಸಲು ಕೆನ್ನೆಯ ಮೇಲೆ ಹನಿಗಳನ್ನು ಬರೆಯುವುದು ಎಳಸುತನ. ಈ ನಾಡಿನ ಹೆಂಗಸು ಅಳು ಬಂದಾಗ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಳ್ಳುತ್ತಾಳೆ, ಮುಖವನ್ನು ಅತ್ತ ತಿರುಗಿಸುತ್ತಾಳೆ. ಆ ಸೆರಗಿನ ಬಿಗಿ, ಕತ್ತಿನ ಆ ತಿರುವು, ಇವೆರಡನ್ನು ಹಿಡಿದರೆ ಕಣ್ಣೀರನ್ನು ಬರೆಯುವ ಅಗತ್ಯವೇ ಬೀಳುವುದಿಲ್ಲ.

ರೇಖೆಯ ಸಾಧಕರು

ಈ ಮಾರ್ಗದಲ್ಲಿ ನಡೆದ ಕನ್ನಡಿಗರಲ್ಲಿ ಕೆ. ಕೆ. ಹೆಬ್ಬಾರರ (1911–1996) ಹೆಸರು ಅಗ್ರಗಣ್ಯ. ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ ಹುಟ್ಟಿ, ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲಿಯೇ ಕೆಲಕಾಲ ಅಧ್ಯಾಪಕರಾಗಿ, ಪ್ಯಾರಿಸ್ಸಿನಲ್ಲಿಯೂ ಅಭ್ಯಾಸ ಮಾಡಿದ ಅವರು ವರ್ಣಚಿತ್ರಗಳಿಂದ ಎಷ್ಟು ಪ್ರಸಿದ್ಧರೋ ರೇಖಾಚಿತ್ರಗಳಿಂದಲೂ ಅಷ್ಟೇ ಪ್ರಸಿದ್ಧರು. 1964ರಲ್ಲಿ ಹೊರಬಂದ ಅವರ ರೇಖಾಚಿತ್ರಗಳ ಸಂಪುಟಕ್ಕೆ ‘ದಿ ಸಿಂಗಿಂಗ್ ಲೈನ್’, ಎಂದರೆ ಹಾಡುವ ರೇಖೆ, ಎಂದು ಹೆಸರು. ಹೆಸರು ಅನ್ವರ್ಥವಾದುದು. ಅವರ ನರ್ತಕಿಯರ ಚಿತ್ರಗಳಲ್ಲಿ ಪಾದದಿಂದ ಹೊರಟ ಗೆರೆ ನಡುವಿನಲ್ಲಿ ಬಾಗಿ, ತೋಳಿನಲ್ಲಿ ಹರಿದು, ಬೆರಳ ತುದಿಯಲ್ಲಿ ಲಯವಾಗುತ್ತದೆ. ಮುಖದಲ್ಲಿ ಎರಡು ಮೂರು ಗೀರುಗಳಿಗಿಂತ ಹೆಚ್ಚಿಲ್ಲ. ಆದರೂ ಆನಂದವು ದೇಹವನ್ನೆಲ್ಲ ವ್ಯಾಪಿಸಿದಂತೆ ತೋರುತ್ತದೆ.

ಇದು ಆಕಸ್ಮಿಕವಾಗಿ ಬಂದ ಸಿದ್ಧಿಯಲ್ಲ. ನೃತ್ಯಶಾಸ್ತ್ರವನ್ನು ಅರಿಯದವನಿಗೆ ಚಿತ್ರದ ಮರ್ಮ ತಿಳಿಯುವುದು ಕಷ್ಟವೆಂದು ಚಿತ್ರಸೂತ್ರದಲ್ಲಿ ಮಾರ್ಕಂಡೇಯನು ವಜ್ರಮಹಾರಾಜನಿಗೆ ತಿಳಿಸುತ್ತಾನೆ. ಹೆಬ್ಬಾರರು ಈ ಮಾತನ್ನು ಆಚರಣೆಗೇ ತಂದವರಂತೆ, ಚಿತ್ರಕಾರರಾಗಿ ಹೆಸರು ಪಡೆದಮೇಲೆ, ಪಂಡಿತ ಸುಂದರಪ್ರಸಾದರಲ್ಲಿ ಕಥಕ್ ನೃತ್ಯವನ್ನು ಕಲಿತರು. ವೇದಿಕೆಯೇರುವುದು ಅವರ ಉದ್ದೇಶವಾಗಿರಲಿಲ್ಲ. ಲಯವನ್ನು ಮೈಯಿಂದಲೇ ಅರಿಯಬೇಕೆಂಬುದು ಉದ್ದೇಶವಾಗಿತ್ತು. ತಾನು ಚಿತ್ರಿಸುವ ಸ್ತ್ರೀಯ ಶ್ರಮವನ್ನು ತನ್ನ ಮೈಯಲ್ಲಿ ಅನುಭವಿಸಿದವನ ಗೆರೆಗೂ ದೂರದಿಂದ ನೋಡಿದವನ ಗೆರೆಗೂ ಇರುವ ಅಂತರವನ್ನು ಅವರ ಚಿತ್ರಗಳು ತೋರಿಸುತ್ತವೆ. ಅವರ ಪುತ್ರಿ ರೇಖಾ ರಾವ್ ಅವರೂ ಚಿತ್ರಕಲಾವಿದೆ. ಹೆಸರೂ ವೃತ್ತಿಯೂ ಹೀಗೆ ಕೂಡಿಬಂದದ್ದು ಸಂತೋಷದ ಸಂಗತಿ.

ಹೆಬ್ಬಾರರ ರೇಖೆ ಆನಂದದ ಕಡೆಗೆ ಹರಿದರೆ ರವೀಂದ್ರನಾಥ ಠಾಕೂರರ (1861–1941) ಮಸಿ ಮೌನದ ಕಡೆಗೆ ಹರಿಯಿತು. ಕವಿಯು ಹಸ್ತಪ್ರತಿಯಲ್ಲಿ ತಾನು ಹೊಡೆದುಹಾಕಿದ ಸಾಲುಗಳನ್ನು ಒಂದಕ್ಕೊಂದು ಜೋಡಿಸುತ್ತ ಹೋದಂತೆ ಆ ಗೀಚುಗಳೇ ಆಕೃತಿಗಳಾದವು. ಅರುವತ್ತು ದಾಟಿದಮೇಲೆ ಹೀಗೆ ಮೊದಲಾದ ಹವ್ಯಾಸ ಎರಡು ಸಾವಿರಕ್ಕೂ ಹೆಚ್ಚಿನ ಚಿತ್ರಗಳಾಗಿ ಬೆಳೆಯಿತು. 1930ರಲ್ಲಿ ಪ್ಯಾರಿಸ್ಸಿನಲ್ಲಿ ಅವುಗಳ ಮೊದಲ ಪ್ರದರ್ಶನ ನಡೆಯಿತು. ಅವುಗಳಲ್ಲಿ ಮತ್ತೆ ಮತ್ತೆ ಬರುವುದು ಒಂದು ಹೆಣ್ಣಿನ ಮುಖ. ನೀಳವಾದ ಅಂಡಾಕೃತಿ, ತಲೆಯ ಮೇಲಿನ ಮುಸುಕು, ಸುತ್ತಲೂ ಮಸಿಯ ಕತ್ತಲೆ, ನಡುವೆ ಮಾತಿಲ್ಲದೆ ನೋಡುವ ಎರಡು ಕಣ್ಣುಗಳು. ಆಕೆ ಯಾರೆಂದು ಚಿತ್ರ ಹೇಳುವುದಿಲ್ಲ. ಹೆಚ್ಚಿನ ಚಿತ್ರಗಳಿಗೆ ಕವಿ ಹೆಸರನ್ನೂ ಇಡಲಿಲ್ಲ. ಆಕೆಯ ದುಃಖಕ್ಕೆ ಕಾರಣ ತಿಳಿಯದಿದ್ದರೂ ದುಃಖ ಮಾತ್ರ ತಿಳಿಯುತ್ತದೆ. ಶಬ್ದಸಾಮ್ರಾಟನಾದ ಕವಿಯೂ ಮಸಿಯ ಮೌನವನ್ನು ಆಶ್ರಯಿಸಬೇಕಾದ ಭಾವಗಳುಂಟೆಂಬುದು ಇದರಿಂದ ಮನವರಿಕೆಯಾಗುತ್ತದೆ.

ಹೆಸರಾಂತ ಕಲಾವಿದರನ್ನು ಸ್ಮರಿಸುವಾಗ ಹೆಸರಿಲ್ಲದ ಕಲಾವಿದೆಯರನ್ನು ಮರೆಯಬಾರದು. ಸಾಗರ, ಸೊರಬ ಸೀಮೆಯ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಅಕ್ಕಿಯ ಹಿಟ್ಟಿನ ಬಿಳುಪಿನಿಂದ, ಪುಂಡಿನಾರಿನ ಕುಂಚದಿಂದ ಹಸೆ ಚಿತ್ತಾರವನ್ನು ಬರೆಯುತ್ತಾರೆ. ಕೂದಲೆಳೆಯಷ್ಟು ತೆಳುವಾದ ಆ ಗೆರೆಗಳು ಅಳತೆಗೋಲಿನ ಹಂಗಿಲ್ಲದೆ ನೇರವಾಗಿ ಸಾಗುತ್ತವೆ. ಬಯಲುಸೀಮೆಯ ಅಂಗಳಗಳಲ್ಲಿ ಬೆಳಗಾಗೆದ್ದು ರಂಗೋಲಿಯ ಎಳೆ ಎಳೆಯುವ ತಾಯಂದಿರ ಕೈಯೂ ಇಂತಹುದೇ. ಸ್ತ್ರೀಯು ರೇಖೆಗೆ ವಿಷಯ ಮಾತ್ರವಲ್ಲ, ರೇಖೆಯ ಒಡತಿಯೂ ಹೌದು. ತರಗತಿಯಲ್ಲಿ ಚಿತ್ರ ಬಾರದೆಂದು ಹಿಂದೆ ಕುಳಿತ ಬಾಲಕಿಯ ಬೆರಳುಗಳಲ್ಲಿಯೇ ಆ ಶಾಲೆಯ ಅತ್ಯುತ್ತಮ ಗೆರೆ ಅಡಗಿರಬಹುದು.

ಶರಣೆಯರ ಚಿತ್ರಣ

ಸೋಮೇಶ್ವರನು ಭಾವಚಿತ್ರದ ಲಕ್ಷಣವನ್ನು ಬರೆದ ಕಲ್ಯಾಣದಲ್ಲಿಯೇ, ಕೆಲವು ದಶಕಗಳ ತರುವಾಯ, ಸ್ತ್ರೀಯ ಭಾವವು ಸ್ವತಂತ್ರವಾದ ದನಿಯನ್ನು ಪಡೆಯಿತು. ಅಲಂಕಾರಶಾಸ್ತ್ರವು ನಾಯಿಕೆಯನ್ನು ಎಂಟು ಅವಸ್ಥೆಗಳಲ್ಲಿ ವಿಂಗಡಿಸಿತ್ತು. ಎಂಟೂ ನಾಯಕನೊಡನೆ ಅವಳಿಗಿರುವ ಸಂಬಂಧದಿಂದಲೇ ನಿರ್ಣಯವಾಗತಕ್ಕವು. ಶರಣೆಯರಾದರೋ ಕಾಯಕ, ಅರಿವು, ನಿಷ್ಠುರತೆ, ವೈರಾಗ್ಯಗಳಿಂದ ತಮ್ಮ ನೆಲೆಯನ್ನು ತಾವೇ ಕಂಡುಕೊಂಡರು. ಅವರನ್ನು ಚಿತ್ರಿಸುವವನಿಗೆ ಅಷ್ಟನಾಯಿಕೆಯರ ಪಟ್ಟಿ ನೆರವಾಗಲಾರದು.

ಶಿಕಾರಿಪುರ ಸೀಮೆಯ ಉಡುತಡಿಯ ಅಕ್ಕಮಹಾದೇವಿಯನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಹರಿಹರನ ರಗಳೆಯಲ್ಲಿ ಕೌಶಿಕನ ಅರಮನೆಯನ್ನು ತೊರೆದು ಹೊರಡುವ ಅಕ್ಕ, ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುವಿನ ಕಠಿಣ ಪ್ರಶ್ನೆಗಳನ್ನು ಎದುರಿಸುವ ಅಕ್ಕ, ಶ್ರೀಶೈಲದ ಕದಳಿಯನ್ನು ಹೊಗುವ ಅಕ್ಕ ಒಬ್ಬಳೇ ಆದರೂ ಭಾವ ಮೂರು ಬಗೆಯದು. ಮೊದಲನೆಯದರಲ್ಲಿ ಬಿಡುಗಡೆಯ ದಿಟ್ಟತನ. ಅಲ್ಲಿ ಗೆರೆ ದಪ್ಪವಾಗಿ, ತಡೆಯಿಲ್ಲದೆ ಸಾಗಬೇಕು. ಎರಡನೆಯದರಲ್ಲಿ ವಿನಯವೂ ಇದೆ, ಸೋಲದ ಸ್ಥೈರ್ಯವೂ ಇದೆ. ತಲೆ ಕೊಂಚ ಬಾಗಿರಬೇಕು, ನೋಟ ಬಾಗಿರಬಾರದು. ಮೂರನೆಯದರಲ್ಲಿ ಎಲ್ಲವೂ ಶಮನಗೊಂಡಿದೆ; ಚಿತ್ರಸೂತ್ರವು ಹೇಳುವ ಬಿಲ್ಲಿನಾಕಾರದ ಅರೆಗಣ್ಣು ಅಲ್ಲಿಗೆ ಸಲ್ಲುತ್ತದೆ. ಕೇಶರಾಶಿಯನ್ನು ನೀಳವಾಗಿ ಬರೆದ ಮಾತ್ರಕ್ಕೆ ಅಕ್ಕನ ಚಿತ್ರವಾಗುವುದಿಲ್ಲ. ಕೇಶವು ಲಾಂಛನ; ನೋಟವೇ ಅಕ್ಕ.

ಆಯ್ದಕ್ಕಿ ಲಕ್ಕಮ್ಮನ ಕಥೆಯೂ ಇಂತಹುದೇ. ಎಂದಿನ ಅಳತೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಪತಿ ಮಾರಯ್ಯನನ್ನು ಆಕೆ ತಡೆದು, ಹೆಚ್ಚಿನದನ್ನು ಮರಳಿ ಸುರಿದು ಬರುವಂತೆ ಕಳುಹಿಸುತ್ತಾಳೆ. ಆ ಗಳಿಗೆಯ ಮುಖದಲ್ಲಿರುವುದು ಕೋಪವೆಂದು ಬರೆದರೆ ಲಕ್ಕಮ್ಮ ಕಟುವಾಗುತ್ತಾಳೆ. ನಗೆಯೆಂದು ಬರೆದರೆ ಮಾತು ಹಗುರವಾಗುತ್ತದೆ. ಹುಬ್ಬಿನಲ್ಲಿ ಆಕ್ಷೇಪ, ತುಟಿಯ ಅಂಚಿನಲ್ಲಿ ಕರುಣೆ, ಹೀಗೆ ಒಂದೇ ಮುಖದಲ್ಲಿ ಎರಡು ಭಾವಗಳು ನಿಲ್ಲಬೇಕು. ಬಸವಣ್ಣನವರು ಲಿಂಗೈಕ್ಯರಾದ ಸುದ್ದಿಯನ್ನು ಕೇಳಿ ಕೃಷ್ಣಾತೀರದ ತಂಗಡಗಿಯಲ್ಲಿ ಐಕ್ಯಳಾದಳೆನ್ನುವ ನೀಲಾಂಬಿಕೆಯ ಮುಖದಲ್ಲಿ ಅಗಲಿಕೆಯೂ ಇಲ್ಲ, ಅಳಲೂ ಇಲ್ಲ. ಒಳಗೆ ತಿರುಗಿದ ದೃಷ್ಟಿಯೊಂದೇ ಇದೆ. ಇಂತಹ ಸೂಕ್ಷ್ಮಗಳನ್ನು ವಿದ್ಯಾರ್ಥಿಯು ಗೆರೆಯಿಂದ ಹುಡುಕತೊಡಗಿದಾಗ ವಚನಸಾಹಿತ್ಯದ ಪಾಠವೂ ಅವನಿಗೆ ಹೊಸದಾಗಿ ತೆರೆದುಕೊಳ್ಳುತ್ತದೆ.

ಈ ಸೀಮೆಯ ಮುಖಗಳು

ಚಿತ್ರದ ವಿಷಯಕ್ಕಾಗಿ ದಾವಣಗೆರೆ, ಹರಿಹರ ಸೀಮೆಯ ಶಾಲೆಗಳು ದೂರ ಹೋಗಬೇಕಾಗಿಲ್ಲ. 1224ರಲ್ಲಿ ಪೋಲಾಳ್ವ ದಂಡನಾಯಕನು ಕಟ್ಟಿಸಿದ ಹರಿಹರೇಶ್ವರ ದೇವಾಲಯ ಇಲ್ಲಿಯೇ ಇದೆ. ತುಂಗಭದ್ರೆಯ ದಡದ ಕುರುವತ್ತಿಯ ಮಲ್ಲಿಕಾರ್ಜುನ ದೇವಾಲಯದ ಮದನಿಕೆಯರು ದೂರದವರಲ್ಲ. ದಾವಣಗೆರೆಯಲ್ಲಿ 1964ರಿಂದ ನಡೆದುಬಂದ ಕಲಾಶಾಲೆಯು ದೃಶ್ಯಕಲಾ ಮಹಾವಿದ್ಯಾಲಯವಾಗಿ ಬೆಳೆದು ನಿಂತಿದೆ. ಕಲ್ಲಿನ ಸುಂದರಿಯರನ್ನು ನೋಡಿ ನಿಲುವು, ಬಾಗು, ಬಳುಕುಗಳನ್ನು ಕಲಿಯಬಹುದು. ಆದರೆ ಭಾವವನ್ನು ಕಲಿಯಬೇಕಾದದ್ದು ಜೀವಂತ ಮುಖಗಳಿಂದ.

ಮಂಡಕ್ಕಿ ಭಟ್ಟಿಯ ಉರಿಯ ಮುಂದೆ ದುಡಿಯುವ ಹೆಣ್ಣುಮಗಳ ಸುಕ್ಕಿದ ಹಣೆ, ಸಂತೆಯಲ್ಲಿ ಸೊಪ್ಪಿನ ಕಂತೆಗಳನ್ನು ಹರಡಿಕೊಂಡು ಗಿರಾಕಿಯ ದಾರಿ ನೋಡುವ ಮುದುಕಿಯ ಮುಂಗೈ, ಕೊಂಡಜ್ಜಿಯ ಕೆರೆಯ ಏರಿಯ ಮೇಲೆ ತಲೆಹೊರೆಯೊಡನೆ ನಡೆದು ಬರುವವಳ ನೆಟ್ಟನೆಯ ಕತ್ತು ಇವು ಯಾವ ಮದನಿಕೆಯಲ್ಲಿಯೂ ದೊರೆಯಲಾರವು. ಕೊಂಡಜ್ಜಿಯ ಗುಡ್ಡ, ಕೆರೆ, ಕಾಡುಗಳ ನಡುವಿನ ಸ್ಕೌಟ್ಸ್ ಮತ್ತು ಗೈಡ್ಸ್ ಶಿಬಿರಕೇಂದ್ರಕ್ಕೆ ನಾಡಿನ ಮಕ್ಕಳು ಬರುತ್ತಾರೆ. ಅಂತಹ ಶಿಬಿರಗಳಲ್ಲಿ ಗಂಟು ಕಟ್ಟುವುದನ್ನು, ದಿಕ್ಕು ಗುರುತಿಸುವುದನ್ನು ಕಲಿಯುವಂತೆಯೇ ಒಂದು ಮುಖವನ್ನು ನೋಡುವುದನ್ನೂ ಮಕ್ಕಳು ಕಲಿಯಬಹುದು.

ಅಧ್ಯಾಪಕರಿಗೆ ಅನುಕೂಲವಾಗುವಂತೆ ಪಾಠದ ಕ್ರಮವನ್ನು ಹೀಗೆ ಸೂಚಿಸಬಹುದು. ಮೊದಲ ವಾರ ಲೇಖನಿಯನ್ನು ಮುಟ್ಟಬಾರದು. ಮನೆಯಲ್ಲಿ ತಾಯಿಯನ್ನೋ ಅಜ್ಜಿಯನ್ನೋ ಕೆಲಸದ ವೇಳೆಯಲ್ಲಿ ಗಮನಿಸಿ, ಕಂಡದ್ದನ್ನು ನಾಲ್ಕು ವಾಕ್ಯಗಳಲ್ಲಿ ಬರೆದು ತರಬೇಕು. ಎರಡನೆಯ ವಾರ ಒಂದೇ ಮುಖದ ಹೊರಗೆರೆಯನ್ನು ಐದು ಸಲ ಬರೆದು, ಹುಬ್ಬು, ರೆಪ್ಪೆ, ತುಟಿಯಂಚು ಈ ಮೂರನ್ನು ಮಾತ್ರ ಬದಲಿಸಿ ಐದು ಭಾವಗಳನ್ನು ತರಲು ಪ್ರಯತ್ನಿಸಬೇಕು. ಒಡವೆ, ಹೂವುಗಳನ್ನು ಬರೆಯಕೂಡದು. ಮೂರನೆಯ ವಾರ ಬೆನ್ನು ತಿರುಗಿಸಿ ಕುಳಿತ ಸ್ತ್ರೀಯನ್ನು ಚಿತ್ರಿಸಬೇಕು. ಮುಖವಿಲ್ಲದೆಯೇ ಹೆಗಲು, ಬೆನ್ನು, ಸೆರಗುಗಳಿಂದ ದಣಿವನ್ನೋ ಉಲ್ಲಾಸವನ್ನೋ ಹೇಳಬೇಕು. ನಾಲ್ಕನೆಯ ವಾರ ಪೂರ್ಣಚಿತ್ರ. ಅಳಿಸುವ ರಬ್ಬರಿಗೆ ಯಾವ ವಾರವೂ ಪ್ರವೇಶವಿಲ್ಲ. ಕೆಟ್ಟ ಹಾಳೆಯನ್ನು ಹರಿದೊಗೆಯದೆ ದಿನಾಂಕ ಹಾಕಿ ಕಾಪಿಟ್ಟುಕೊಂಡರೆ ಮುಂದೆ ಅದೇ ಗುರುವಾಗುತ್ತದೆ.

ಇದರ ಜೊತೆಗೆ ಒಂದು ನಿಯಮವನ್ನು ಕಡ್ಡಾಯವಾಗಿ ಪಾಲಿಸತಕ್ಕದ್ದು. ಯಾವ ಹೆಣ್ಣುಮಗಳನ್ನೂ ಅವಳ ಒಪ್ಪಿಗೆಯಿಲ್ಲದೆ ಚಿತ್ರಿಸಕೂಡದು. ಚಿತ್ರ ಮುಗಿದಮೇಲೆ ಅದನ್ನು ಮೊದಲು ಅವಳಿಗೇ ತೋರಿಸಬೇಕು. ಇನ್ನೊಬ್ಬರ ದುಃಖವನ್ನು ಕದ್ದು ನೋಡಿ ಚಂದದ ಚಿತ್ರ ಮಾಡುವುದು ಕಲೆಯಲ್ಲ. ತನ್ನನ್ನು ಗೌರವದಿಂದ ನೋಡಿದ್ದಾರೆಂದು ಆಕೆಗೆ ಅನ್ನಿಸಿದರೆ ಆ ಚಿತ್ರ ಗೆದ್ದಂತೆ.

ಉಪಸಂಹಾರ

ಚಿತ್ರಕಲೆಯ ಗಂಟೆಯನ್ನು ಪರೀಕ್ಷೆಯ ದಿನಗಳಲ್ಲಿ ಗಣಿತಕ್ಕೆ ಬಿಟ್ಟುಕೊಡುವುದು ಅನೇಕ ಶಾಲೆಗಳಲ್ಲಿ ರೂಢಿಯಾಗಿದೆ. ಈ ನಷ್ಟ ಅಂಕಪಟ್ಟಿಯಲ್ಲಿ ಕಾಣುವುದಿಲ್ಲ, ಮನೆಯಲ್ಲಿ ಕಾಣುತ್ತದೆ. ದಿನವೂ ಅನ್ನವಿಕ್ಕುವ ತಾಯಿಯ ಮುಖದಲ್ಲಿ ಇಂದು ಜ್ವರವಿದೆಯೆಂಬುದನ್ನು ಗುರುತಿಸಲಾರದ ಮಗನು ಎಷ್ಟು ಅಂಕ ಪಡೆದರೇನು? ತಂಗಿಯ ಮೌನದಲ್ಲಿ ಹೆದರಿಕೆಯಿದೆಯೆಂದು ಅರಿಯದ ಅಣ್ಣನ ವಿದ್ಯೆಯಿಂದ ಪ್ರಯೋಜನವೇನು? ಹತ್ತು ಮುಖಗಳನ್ನು ಶ್ರದ್ಧೆಯಿಂದ ಚಿತ್ರಿಸಿದ ಬಾಲಕನು ಹನ್ನೊಂದನೆಯ ಮುಖವನ್ನು ಓದಬಲ್ಲವನಾಗುತ್ತಾನೆ. ಹಾಗೆಯೇ ತನ್ನ ಮುಖವನ್ನು ತಾನೇ ಮಸಿಯಲ್ಲಿ ಬರೆದ ಬಾಲಕಿಯು, ಒಡವೆಯಿಲ್ಲದೆಯೂ ಅದು ನೋಡತಕ್ಕ ಮುಖವೆಂಬ ಆತ್ಮವಿಶ್ವಾಸವನ್ನು ಪಡೆಯುತ್ತಾಳೆ.

ಮಠಗಳು ಅನ್ನ, ಅಕ್ಷರ, ಆಶ್ರಯಗಳೆಂಬ ತ್ರಿವಿಧ ದಾಸೋಹವನ್ನು ನಡೆಸಿಕೊಂಡು ಬಂದಿವೆ. ಅಕ್ಷರ ದಾಸೋಹದ ಮಸಿಯಲ್ಲಿ ಒಂದು ಕುಡಿಕೆಯನ್ನು ರೇಖೆಗಾಗಿ ತೆಗೆದಿಡುವುದು ಭಾರವಾಗಲಾರದು. ಇಂಡಿಯನ್ ಇಂಕಿನ ಒಂದು ಸೀಸೆ, ಕೆಲವು ನಿಬ್ಬುಗಳು, ಒಂದು ಕಟ್ಟು ಹಾಳೆ ಇದ್ದರೆ ಒಂದು ತರಗತಿಗೆ ಬಹುಕಾಲ ಸಾಲುತ್ತದೆ. ದಾನಿಗಳ ಔದಾರ್ಯವು ಈ ಕಡೆಗೂ ಹರಿಯಲಿ. ಹಳೆಯ ವಿದ್ಯಾರ್ಥಿಗಳಲ್ಲಿ ಕಲೆ ಬಲ್ಲವರು ವರ್ಷಕ್ಕೊಮ್ಮೆಯಾದರೂ ಬಂದು ಮಕ್ಕಳ ಪಕ್ಕದಲ್ಲಿ ಕುಳಿತು ಗೆರೆ ಎಳೆಯಲಿ. ಮುಂದಿನ ಸಂಚಿಕೆಗಳ ಪುಟಗಳಲ್ಲಿ ಈ ಸೀಮೆಯ ತಾಯಂದಿರ ಮುಖಗಳು ಅವರವರ ಮಕ್ಕಳ ಕೈಯಿಂದಲೇ ಮೂಡಿಬರಲಿ.